ಗಾಲಿ ಬದಲಾಯಿತು, ಗಾಳಿ ಎಷ್ಟಿರಬೇಕು?

ಸೈಕಲ್ ಷಾಪಿನಲ್ಲಿ ಗಾಳಿ ಹೊಡೆದ ಮೇಲೆ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ‘ಸಾಕು’ ಎನ್ನುವುದನ್ನು ನೀವು ಗಮನಿಸಿರುತ್ತೀರಿ. ಆದರೆ ಸಪೂರ ಟೈರಿನ ಗಾಲಿ ತೆಗೆದು ದಪ್ಪ ಟೈರಿನ ಗಾಲಿ ಹಾಕಿಸಿದಾಗ ಈ ಅಂದಾಜು ತಪ್ಪಬಹುದು. ಏಕೆ? ತಿಳಿಯೋಣ.

ಮೊದಲು ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿಗಳನ್ನು ಓದಿ. ಒಂದು ಟೈರಿನ ಮೇಲೆ 37-590 ಎಂದಿದೆ ಎನ್ನಿ. 37 ಎಂಬುದು ಮಿಲಿಮೀಟರುಗಳಲ್ಲಿ ಟೈರಿನ ಅಗಲ. 590 ಎಂಬುದು ಅದು ಕೂರುವ ರಿಮ್ಮಿನ ವ್ಯಾಸ. ಇನ್ನೊಂದರ ಮೇಲೆ 50-559 ಎಂದಿದೆ. ಇವೆರಡನ್ನೂ ‘26 ಇಂಚು’ ಎಂದೇ ಕರೆಯುತ್ತಾರೆ. ಎರಡೂ ಗಾಲಿಗಳ ಒಟ್ಟು ಎತ್ತರ ಸುಮಾರು 66 ಸೆಂ.ಮೀ. ಆದರೂ ಒಂದರ ಟೈರು ಇನ್ನೊಂದರ ರಿಮ್ಮಿಗೆ ಕೂರುವುದಿಲ್ಲ. ಎರಡಕ್ಕೂ ಬೇಕಾದ ಗಾಳಿಯ ಒತ್ತಡವೂ ಒಂದೇ ಅಲ್ಲ.

ಭಾರ ಹೊರುವುದು ಯಾರು?

ಸೈಕಲ್ಲಿನ ಭಾರವನ್ನು ಹೊರುವುದು ಹೆಚ್ಚಾಗಿ ಒಳಗಿರುವ ಗಾಳಿ. ನೆಲಕ್ಕೆ ತಾಗಿದ ಕಡೆ ಟೈರು ಸ್ವಲ್ಪ ಚಪ್ಪಟೆಯಾಗುತ್ತದೆ. ಆ ಚಪ್ಪಟೆ ಭಾಗದ ವಿಸ್ತೀರ್ಣವನ್ನು ಗಾಳಿಯ ಒತ್ತಡದಿಂದ ಗುಣಿಸಿದರೆ ಬರುವುದೇ ಹೆಚ್ಚುಕಡಿಮೆ ಗಾಲಿ ಹೊತ್ತ ಭಾರ.

ಹಿಂದಿನ ಗಾಲಿಯ ಮೇಲೆ 36 ಕಿ.ಗ್ರಾಂ. ಭಾರವಿದೆ ಎಂದುಕೊಳ್ಳಿ. ಒತ್ತಡ ಚದರ ಸೆಂ.ಮೀ.ಗೆ 3 ಕಿ.ಗ್ರಾಂ. ಇದ್ದರೆ ಟೈರು ನೆಲಕ್ಕೆ ತಾಗುವ ಜಾಗ 12 ಚದರ ಸೆಂ.ಮೀ. ಒತ್ತಡ 2ಕ್ಕೆ ಇಳಿದರೆ ಅದು 18 ಚದರ ಸೆಂ.ಮೀ. ಆಗುತ್ತದೆ.

ದಪ್ಪ ಟೈರಿಗೆ ಕಡಿಮೆ ಒತ್ತಡ ಏಕೆ?

ಸಪೂರ ಟೈರಿನಲ್ಲಿ ಗಾಳಿ ಕಡಿಮೆಯಾದರೆ ಅದು ತುಂಬ ಕುಸಿಯುತ್ತದೆ. ಕಲ್ಲು ಸಿಕ್ಕಾಗ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿಕೊಂಡ ಟ್ಯೂಬು ಪಂಕ್ಚರ್ ಆಗುತ್ತದೆ. ದಪ್ಪ ಟೈರು ಅಗಲವಾಗಿ ನೆಲಕ್ಕೆ ತಾಗುವುದರಿಂದ ಕಡಿಮೆ ಕುಸಿದೇ ಅಷ್ಟು ಜಾಗವನ್ನು ಪಡೆಯುತ್ತದೆ. ರಿಮ್ಮು ಮೇಲೆಯೇ ಉಳಿಯುತ್ತದೆ.

ಇನ್ನೊಂದು ಕಾರಣವೂ ಇದೆ. ಒಂದೇ ಒತ್ತಡದಲ್ಲಿ ಟೈರು ದಪ್ಪವಾದಷ್ಟೂ ಅದರ ಗೋಡೆಯ ಮೇಲೆ ಬೀಳುವ ಎಳೆತ ಹೆಚ್ಚುತ್ತದೆ. ಆದ್ದರಿಂದ ಸಪೂರ ಟೈರಿಗೆ ಹೊಡೆಯುವಷ್ಟು ಒತ್ತಡವನ್ನು ದಪ್ಪ ಟೈರಿಗೆ ಕೊಟ್ಟರೆ ಅದು ಸಿಡಿಯುವ ಅಪಾಯವಿದೆ. ಗಾಲಿ ಪುಟಿಯುತ್ತದೆ, ಹಿಡಿತವೂ ತಪ್ಪುತ್ತದೆ.

ಒಂದು ಸುಲಭ ಲೆಕ್ಕ

ಅಗಲವನ್ನು ಒತ್ತಡದಿಂದ ಗುಣಿಸಿದ ಮೊತ್ತ ಎರಡರಲ್ಲೂ ಒಂದೇ ಇರಲಿ. ಹಳೆಯದು: 37 × 3 = 111. ಹೊಸದು: 111 ÷ 50 = 2.2. ಅಂದರೆ ಹೊಸ ಟೈರಿಗೆ ಸುಮಾರು 2.2 ರಿಂದ ಆರಂಭಿಸಬಹುದು. ಮಾಪಕದಲ್ಲಿ ಪಿ.ಎಸ್.ಐ. ಎಂದಿದ್ದರೆ 14ರಿಂದ ಗುಣಿಸಿ. ಸುಮಾರು 31 ಬರುತ್ತದೆ. ಇದು ಆರಂಭದ ಅಂದಾಜು ಮಾತ್ರ. ಟೈರಿನ ಮೇಲೆ ಅಚ್ಚಾಗಿರುವ ಮಿತಿಯೊಳಗೇ ಇರಬೇಕು. ಹಿಂದೆ ಯಾರನ್ನಾದರೂ ಕೂರಿಸಿಕೊಂಡು ಹೋಗುವುದಾದರೆ ಹಿಂದಿನ ಗಾಲಿಗೆ ಸ್ವಲ್ಪ ಹೆಚ್ಚು ಬೇಕು.

ಮಾಡಿ ನೋಡಿ

ಟೈರಿಗೆ ಸೀಮೆಸುಣ್ಣದ ಪುಡಿ ಬಳಿಯಿರಿ. ಕಪ್ಪು ಕಾಗದದ ಮೇಲೆ ಗಾಲಿಯನ್ನು ಇಳಿಸಿ, ಗೆಳೆಯ ಕೂತ ಮೇಲೆ ಎತ್ತಿ. ದೊಡ್ಡವರು ಸೈಕಲ್ಲನ್ನು ಹಿಡಿದಿರಲಿ. ಮೂಡಿದ ಗುರುತಿನ ಮೇಲೆ ಒಂದು ಸೆಂ.ಮೀ. ಚೌಕಗಳನ್ನು ಎಳೆದು ಎಣಿಸಿ. ಸ್ವಲ್ಪ ಗಾಳಿ ಬಿಟ್ಟು ಮತ್ತೊಮ್ಮೆ ಮಾಡಿ. ಗುರುತು ದೊಡ್ಡದಾಯಿತೇ?

ಗಾಲಿ ಬದಲಿಸಿದಾಗ ಬ್ರೇಕಿನ ರಬ್ಬರು ಹೊಸ ರಿಮ್ಮಿಗೆ ಸರಿಯಾಗಿ ತಾಗುವುದೇ ಎಂದೂ ನೋಡಿಸಿ. ಗಾಳಿಯನ್ನು ಬೆಳಿಗ್ಗೆ, ಟೈರು ತಣ್ಣಗಿರುವಾಗ ಅಳೆಯಿರಿ. ಬಿಸಿಯಾದಾಗ ಒತ್ತಡ ಹೆಚ್ಚು ತೋರುತ್ತದೆ. 

ಸ್ಕೂಟರು, ಕಾರುಗಳಿಗೆ ಮಾತ್ರ ಈ ಲೆಕ್ಕ ಬಳಸಬೇಡಿ. ಅವುಗಳ ವೇಗವೂ ಭಾರವೂ ಹೆಚ್ಚು. ತಯಾರಕರು ಸೂಚಿಸಿದ ಅಳತೆ ಮತ್ತು ಒತ್ತಡವನ್ನೇ ಪಾಲಿಸಬೇಕು ಎಂದು ಮನೆಯವರಿಗೂ ತಿಳಿಸಿ.