ಹೊಳಪಿಗೆ ಮೊದಲು ಪರೀಕ್ಷೆ: ಹಳೆಯ ಅಲಾಯ್ ಗಾಲಿಗಳ ಮರುಜೀವ

ಕೃಷ್ಣಾ ಮಂಡಲದಿಂದ ಉತ್ತರಕ್ಕೆ ಹೊರಟ ಹೆದ್ದಾರಿ ಮಕ್ತಲ್, ಮಹಬೂಬ್‌ನಗರಗಳನ್ನು ಹಾದು ಜಡ್ಚರ್ಲದ ಕಡೆಗೆ ಸಾಗುತ್ತದೆ. ದಕ್ಷಿಣಕ್ಕೆ ತಿರುಗಿದರೆ ಹೊಳೆ ದಾಟಿದೊಡನೆ ಶಕ್ತಿನಗರ, ಅದರಾಚೆ ರಾಯಚೂರು. ಆಸ್ಪತ್ರೆ, ಕಾಲೇಜು, ಮದುವೆ, ಮಾರುಕಟ್ಟೆ ಎಂದು ಗಡಿಯ ಎರಡೂ ಬದಿಗೆ ಓಡಾಡಬೇಕಾದ ಕುಟುಂಬಗಳು ಕೂಡಿಟ್ಟ ಹಣದಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವುದು ಈಗ ಅಪರೂಪದ ಸಂಗತಿಯಲ್ಲ. ಕಾರು ಮನೆಗೆ ಬಂದ ಮೇಲೆ ಮನೆಯ ಹುಡುಗರ ಕಣ್ಣು ಮೊದಲು ಬೀಳುವುದು ಗಾಲಿಗಳ ಮೇಲೆ. ಕಪ್ಪು ಕಬ್ಬಿಣದ ರಿಮ್ಮಿನ ಜಾಗದಲ್ಲಿ ಬೆಳ್ಳಿಯಂತೆ ಮಿನುಗುವ ಅಲಾಯ್ ಗಾಲಿ ಇರಬೇಕೆಂಬ ಆಸೆ ಸಹಜ. ಹೊಸವುಗಳ ಬೆಲೆ ಕೈಗೆಟುಕದಿದ್ದಾಗ ದಾರಿ ಹಳೆಯವುಗಳ ಕಡೆಗೆ ಹೊರಳುತ್ತದೆ.

ಹಳೆಯ ಕಾರುಗಳಿಂದ ಕಳಚಿದ ಅಲಾಯ್ ಗಾಲಿಗಳು ಹೈದರಾಬಾದ್, ಬೆಂಗಳೂರಿನಂಥ ನಗರಗಳ ಗುಜರಿ ಬಜಾರುಗಳಲ್ಲಿ ದೊರೆಯುತ್ತವೆ. ಅವುಗಳನ್ನು ಉಜ್ಜಿ, ಪಾಲಿಶ್ ಮಾಡಿ, ಬಣ್ಣ ಕೊಟ್ಟು ಹೊಸದರಂತೆ ಮಾಡುವುದು ಇಂದು ಒಂದು ಸ್ವತಂತ್ರ ಕಸುಬು. ಸರಿಯಾಗಿ ಮಾಡಿದರೆ ಅದು ಗೌರವದ ಕಸುಬು. ಹಣವನ್ನೂ ಲೋಹವನ್ನೂ ಉಳಿಸುತ್ತದೆ. ಆದರೆ ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂಬ ಹಿರಿಯರ ಮಾತು ಇಲ್ಲಿ ಅಕ್ಷರಶಃ ನಿಜ. ಗಾಲಿಯ ಬಲ ಅದರ ಹೊಳಪಿನಲ್ಲಿಲ್ಲ. ಬಿರುಕು ಬಿಟ್ಟ ಗಾಲಿಯೂ ಕನ್ನಡಿಯಂತೆ ಹೊಳೆಯಬಲ್ಲದು.

ಹಗುರ ಲೋಹದ ಕಥೆ

ಅಲಾಯ್ ಎಂದರೆ ಮಿಶ್ರಲೋಹ. ಕಾರಿನ ಅಲಾಯ್ ಗಾಲಿಗಳು ಬಹುಮಟ್ಟಿಗೆ ಅಲ್ಯುಮಿನಿಯಮ್ಮಿನವು. ಎರಕಕ್ಕೆ ಹೆಚ್ಚಾಗಿ ಬಳಸುವ ಮಿಶ್ರಣದಲ್ಲಿ ನೂರಕ್ಕೆ ಸುಮಾರು 7 ಭಾಗ ಸಿಲಿಕಾನ್, ಅರ್ಧ ಭಾಗಕ್ಕೂ ಕಡಿಮೆ ಮೆಗ್ನೀಸಿಯಂ ಸೇರಿರುತ್ತದೆ. ಸಿಲಿಕಾನಿನಿಂದ ಕರಗಿದ ಲೋಹ ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ. ಮೆಗ್ನೀಸಿಯಮ್ಮಿನಿಂದ ಲೋಹ ಕಾಸುವಿಕೆಗೆ ಒಗ್ಗಿ ಬಲ ಪಡೆಯುತ್ತದೆ.

ಒಂದು ಕಾಲಕ್ಕೆ ಅಲ್ಯುಮಿನಿಯಂ ದುಬಾರಿ ಲೋಹವಾಗಿತ್ತು. 1886ರಲ್ಲಿ ಅಮೆರಿಕದ ಚಾರ್ಲ್ಸ್ ಮಾರ್ಟಿನ್ ಹಾಲ್ ಮತ್ತು ಫ್ರಾನ್ಸಿನ ಪಾಲ್ ಎರೂ ಎಂಬ ಇಬ್ಬರು ತರುಣರು ವಿದ್ಯುತ್ತಿನಿಂದ ಅದನ್ನು ಬೇರ್ಪಡಿಸುವ ಒಂದೇ ವಿಧಾನವನ್ನು ಬೇರೆಬೇರೆಯಾಗಿ ಕಂಡುಕೊಂಡರು. ಇಬ್ಬರೂ ಹುಟ್ಟಿದ್ದು 1863ರಲ್ಲಿ, ತೀರಿಕೊಂಡದ್ದು 1914ರಲ್ಲಿ. ಅವರ ವಿಧಾನದಿಂದ ಬೆಲೆ ಇಳಿದು ಆ ಲೋಹ ಅಡುಗೆಮನೆಯ ಪಾತ್ರೆಯಾಯಿತು, ವಿಮಾನದ ರೆಕ್ಕೆಯಾಯಿತು. 1924ರಲ್ಲಿ ಬುಗಾಟಿ ಸಂಸ್ಥೆಯ ಟೈಪ್ 35 ಎಂಬ ಪಂದ್ಯದ ಕಾರು ಎರಕದ ಅಲ್ಯುಮಿನಿಯಂ ಗಾಲಿಗಳೊಡನೆ ಬೀದಿಗಿಳಿಯಿತು.

ಉಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 7.8 ಗ್ರಾಂ; ಅಲ್ಯುಮಿನಿಯಮ್ಮಿನದು 2.7 ಗ್ರಾಂ. ಹಾಗೆಂದು ಅಲಾಯ್ ಗಾಲಿ ಉಕ್ಕಿನ ಗಾಲಿಯ ಮೂರನೆಯ ಒಂದು ಪಾಲು ತೂಗುವುದಿಲ್ಲ. ಬಲ ಸಾಲದೆಂದು ಅದನ್ನು ದಪ್ಪವಾಗಿ ಎರಕ ಹೊಯ್ಯುತ್ತಾರೆ. ಇನ್ನೊಂದು ಮುಖ್ಯ ವ್ಯತ್ಯಾಸವುಂಟು. ಉಕ್ಕಿನ ರಿಮ್ಮು ಹಳ್ಳಕ್ಕೆ ಬಿದ್ದರೆ ಬಾಗುತ್ತದೆ, ಪಂಕ್ಚರ್ ಅಂಗಡಿಯವನು ಸುತ್ತಿಗೆಯಿಂದ ತಟ್ಟಿ ಅದನ್ನು ನೆಟ್ಟಗೆ ಮಾಡುತ್ತಾನೆ. ಅಲಾಯ್ ಗಾಲಿ ತುಸು ಬಾಗಿದರೂ ಬೇಗ ಬಿರುಕು ಬಿಡುತ್ತದೆ. ದಿನವೂ ಹೊಲದ ದಾರಿ, ಕಿತ್ತುಹೋದ ರಸ್ತೆಗಳಲ್ಲಿ ಓಡುವ ಕಾರಿಗೆ ಉಕ್ಕಿನ ರಿಮ್ಮೇ ಹೆಚ್ಚು ಹೊಂದುತ್ತದೆ ಎಂಬುದನ್ನು ಮೊದಲೇ ತಿಳಿದಿರುವುದು ಲೇಸು.

ತಟ್ಟಿ ನೋಡುವುದು, ಬಣ್ಣ ಬಿಟ್ಟು ನೋಡುವುದು

ಬಲ್ಲ ಕುಶಲಕರ್ಮಿ ಮೊದಲು ಕೈಗೆತ್ತಿಕೊಳ್ಳುವುದು ಪಾಲಿಶ್ ಯಂತ್ರವನ್ನಲ್ಲ. ಟಯರು ಬಿಚ್ಚಿ, ಹಳೆಯ ತೂಕದ ತುಣುಕುಗಳನ್ನು ಕಿತ್ತು, ಜಿಡ್ಡು ಮತ್ತು ಬ್ರೇಕಿನ ಕಪ್ಪು ಪುಡಿಯನ್ನು ತೊಳೆದು, ಗಾಲಿಯನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಾನೆ. ನೋಡಬೇಕಾದದ್ದು ಹೊರಮುಖಕ್ಕಿಂತ ಒಳಮುಖವನ್ನು. ಹಳ್ಳದ ಪೆಟ್ಟು ಹೆಚ್ಚಾಗಿ ಬೀಳುವುದು ಕಾರಿನ ಅಡಿಗೆ ಇರುವ ಒಳ ಅಂಚಿನ ಮೇಲೆ. ನಡುವಿನಿಂದ ಅಂಚಿಗೆ ಚಾಚುವ ಸ್ಪೋಕುಗಳ ಬುಡ, ಬೋಲ್ಟಿನ ತೂತುಗಳ ಸುತ್ತಲಿನ ಜಾಗ, ಟಯರು ಕೂರುವ ಅಂಚು, ಈ ಮೂರನ್ನು ಬೆರಳಾಡಿಸಿ ಪರೀಕ್ಷಿಸಬೇಕು.

ಕುಂಬಾರರ ಅಂಗಡಿಯಲ್ಲಿ ಮಡಕೆಯನ್ನು ಬೆರಳಿನಿಂದ ತಟ್ಟಿ ನಾದ ಕೇಳುವುದನ್ನು ಎಲ್ಲರೂ ಬಲ್ಲರು. ಹಿಂದೆ ರೈಲು ನಿಲ್ದಾಣಗಳಲ್ಲಿಯೂ ಗಾಡಿ ನಿಂತಾಗ ಗಾಲಿಗಳನ್ನು ಸುತ್ತಿಗೆಯಿಂದ ತಟ್ಟಿ ನೋಡುತ್ತಿದ್ದರು. ಗಟ್ಟಿ ಗಾಲಿ ಗಂಟೆಯಂತೆ ನುಡಿಯುತ್ತದೆ, ಒಡಕು ಗಾಲಿಯ ಸದ್ದು ಮಂಕು. ಅಲಾಯ್ ಗಾಲಿಗೂ ಈ ತಟ್ಟುವಿಕೆ ಒಂದು ಸುಳಿವು ಕೊಡುತ್ತದೆ. ಆದರೆ ಕೂದಲೆಳೆಯಂಥ ಬಿರುಕನ್ನು ಕಿವಿ ಹಿಡಿಯಲಾರದು. ಅದಕ್ಕೆ ಕೆಂಪು ದ್ರವದ ಪರೀಕ್ಷೆಯಿದೆ. ಶುಚಿಯಾದ ಲೋಹದ ಮೇಲೆ ಕೆಂಪು ಬಣ್ಣದ ತೆಳು ದ್ರವವನ್ನು ಸಿಂಪಡಿಸಿ 10ರಿಂದ 20 ನಿಮಿಷ ಬಿಡುತ್ತಾರೆ. ಅದು ಬಿರುಕಿನೊಳಕ್ಕೆ ಇಳಿಯುತ್ತದೆ. ಮೇಲಿನದನ್ನು ಒರೆಸಿ ತೆಗೆದು ಬಿಳಿಯ ಪುಡಿ ಸಿಂಪಡಿಸಿದರೆ, ಒಳಗೆ ಇಳಿದ ಬಣ್ಣ ಹೊರಗೆ ಹೀರಿಕೊಂಡು ಬಂದು ಬಿರುಕಿದ್ದಲ್ಲಿ ಕೆಂಪು ಗೆರೆ ಮೂಡುತ್ತದೆ. ಶಾಲೆಯ ಪಾಠದಲ್ಲಿ ಓದಿದ ಲೋಮನಾಳ ಕ್ರಿಯೆಯೇ ಇದು.

ಸ್ಪೋಕಿನಲ್ಲಿ ಅಥವಾ ಬೋಲ್ಟಿನ ತೂತಿನ ಬಳಿ ಬಿರುಕು ಕಂಡರೆ ಆ ಗಾಲಿಯ ಆಯುಸ್ಸು ಮುಗಿದಂತೆ. ಅದನ್ನು ವೆಲ್ಡಿಂಗ್ ಮಾಡಿ ಕಾರಿಗೆ ಹಾಕಬಾರದು. ಅದಕ್ಕೆ ಕಾರಣ ಎರಕದ ಮನೆಯಲ್ಲಿದೆ. ಎರಕವಾದ ಗಾಲಿಯನ್ನು ಸುಮಾರು 540 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕಾಸಿ, ನೀರಿನಲ್ಲಿ ತಟ್ಟನೆ ತಣಿಸಿ, ಮತ್ತೆ ಕಡಿಮೆ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ಬಲ ಬರಿಸಿರುತ್ತಾರೆ. ವೆಲ್ಡಿಂಗಿನ ಬೆಂಕಿ ಆ ಸಂಸ್ಕಾರವನ್ನು ಸುತ್ತಲಿನ ಲೋಹದಲ್ಲಿ ಅಳಿಸಿಹಾಕುತ್ತದೆ. ಸೊಟ್ಟ ತಿದ್ದುವಾಗ ಬೇಕಾಬಿಟ್ಟಿ ಕಾಸುವುದೂ ಇದೇ ಅಪಾಯವನ್ನು ತರುತ್ತದೆ. ಕಮ್ಮಾರನಿಗೆ ಕಬ್ಬಿಣ ಕೆಂಪಾಗಿ ತನ್ನ ಬಿಸಿಯನ್ನು ತೋರಿಸಿಕೊಡುತ್ತದೆ, ಅಲ್ಯುಮಿನಿಯಂ ಹಾಗಲ್ಲ. 660 ಡಿಗ್ರಿಯಲ್ಲಿ ಕರಗುವವರೆಗೂ ಅದು ಹಗಲು ಬೆಳಕಿನಲ್ಲಿ ಬಣ್ಣ ಬದಲಿಸುವುದಿಲ್ಲ. ಕಣ್ಣಳತೆಯಿಂದ ಕಾಸಿದ ಗಾಲಿಯನ್ನು ನಂಬುವಂತಿಲ್ಲ. ಟಯರು ಮೇಲಿರುವಾಗಲೇ ಬೆಂಕಿ ಹಿಡಿದರೆ ಟಯರು ಸಿಡಿದು ಜೀವವೇ ಹೋಗಬಹುದು.

ಸಾಣೆಯ ಕೆಲಸ

ಪರೀಕ್ಷೆಯಲ್ಲಿ ಗೆದ್ದ ಗಾಲಿಗೆ ಮಾತ್ರ ಮುಂದಿನ ಕೆಲಸ. ಮೊದಲು ಹಳೆಯ ಬಣ್ಣ ಮತ್ತು ಪಾರದರ್ಶಕ ಲೇಪ ತೆಗೆಯಬೇಕು. ಲೇಪ ಎಲ್ಲಿಯಾದರೂ ಬಿಟ್ಟಿದ್ದರೆ ಅದರಡಿ ನೀರು ಸೇರಿ ಹುಳು ಹರಿದಂಥ ಬಿಳಿಯ ಗೆರೆಗಳು ಎದ್ದಿರುತ್ತವೆ. ಅವುಗಳ ಮೇಲೆಯೇ ಬಣ್ಣ ಬಳಿದರೆ ಮತ್ತೆ ಸಿಪ್ಪೆ ಏಳುವುದು ಖಂಡಿತ. ರಸ್ತೆಯ ಬದಿಗೆ ತಗುಲಿ ಆದ ಗೀರುಗಳನ್ನು ಅರದಿಂದ ಉಜ್ಜಿ ಅಂಚನ್ನು ನಯಗೊಳಿಸುತ್ತಾರೆ. ಸಣ್ಣ ತಗ್ಗುಗಳಿಗೆ ಪುಟ್ಟಿ ತುಂಬುವುದುಂಟು. ಅದು ಅಂದಕ್ಕೆ ಮಾತ್ರ, ಬಲಕ್ಕಲ್ಲ.

ಅನಂತರ ಎಮರಿ ಪೇಪರಿನ ಸರದಿ. 180ರ ಒರಟು ಕಾಗದದಿಂದ ಆರಂಭಿಸಿ 320, 600, 1000, ಕೊನೆಗೆ 2000ದ ನುಣುಪು ಕಾಗದದವರೆಗೆ ಹೋಗುತ್ತಾರೆ. ಸಂಖ್ಯೆ ಹೆಚ್ಚಿದಂತೆ ಕಣ ಸಣ್ಣದು. ಪ್ರತಿ ಕಾಗದವನ್ನೂ ಹಿಂದಿನದಕ್ಕೆ ಅಡ್ಡವಾಗಿ ಉಜ್ಜಬೇಕು. ಹಿಂದಿನ ಗೆರೆ ಪೂರ್ತಿ ಅಳಿಯುವವರೆಗೆ ಮುಂದಿನದಕ್ಕೆ ಕೈಹಾಕಬಾರದು. ಈ ಕಸುಬಿನ ತಾಳ್ಮೆಯೆಲ್ಲ ಈ ನಿಯಮದಲ್ಲಿದೆ. ನಡುವೆ ಒಂದು ಮೆಟ್ಟಿಲು ಹಾರಿದವನ ಕೆಲಸ ಬಿಸಿಲಿನಲ್ಲಿ ನಿಂತಾಗ ಬಯಲಾಗುತ್ತದೆ.

ಉಜ್ಜುವ ಕಾಗದದ ಮೇಲಿರುವ ಕಣ ಹಲವು ವೇಳೆ ಅಲ್ಯುಮಿನಿಯಂ ಆಕ್ಸೈಡೇ ಆಗಿರುತ್ತದೆ. ಅಲ್ಯುಮಿನಿಯಂ ಮೆದು ಲೋಹ, ಆದರೆ ಆಮ್ಲಜನಕದೊಡನೆ ಕೂಡಿದಾಗ ಅದರಷ್ಟು ಕಠಿಣವಾದದ್ದು ವಿರಳ. ಕುರುವಿಂದದ ಕಲ್ಲು ಅದೇ ಆಕ್ಸೈಡು. ನಮ್ಮ ಪೂರ್ವಿಕರು ಸಾಣೆ ಹಿಡಿಯಲು ಅದರ ಪುಡಿಯನ್ನು ಬಳಸುತ್ತಿದ್ದರು. ಇದೇ ಆಕ್ಸೈಡಿನ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಗಾಲಿಯನ್ನು ತುಕ್ಕಿನಿಂದ ಕಾಪಾಡುತ್ತದೆ. ಅಲ್ಯುಮಿನಿಯಂ ಪಾತ್ರೆಯಲ್ಲಿ ಸೋಡಾ ಹಾಕಿ ಕುದಿಸಿದರೆ ಪಾತ್ರೆ ಕಪ್ಪಾಗುವುದು ಆ ಪೊರೆ ಕರಗುವುದರಿಂದ. ಗಾಲಿಯನ್ನು ವಾಷಿಂಗ್ ಸೋಡಾದಿಂದ ತೊಳೆಯಬಾರದೆಂಬುದಕ್ಕೂ ಅದೇ ಕಾರಣ.

ಕೊನೆಯದು ಬಫಿಂಗ್. ನಾರಿನ ಗಾಲಿ, ಬಳಿಕ ಮೆತ್ತನೆಯ ಹತ್ತಿಬಟ್ಟೆಯ ಗಾಲಿಗೆ ಪಾಲಿಶ್ ಮೇಣ ಹಚ್ಚಿ ತಿರುಗಿಸಿದಾಗ ಹೊಗೆಬಣ್ಣದ ಮೇಲ್ಮೈ ನಿಧಾನವಾಗಿ ಕನ್ನಡಿಯಾಗುತ್ತದೆ. ಬರಿಯ ಹೊಳಪು ಬಹಳ ದಿನ ನಿಲ್ಲದು. ಮೇಣವನ್ನು ಪೂರ್ತಿ ತೊಳೆದು ಪಾರದರ್ಶಕ ಲೇಪ ಕೊಡಬೇಕು. ಗಾಲಿ ಹಬ್ಬಿಗೆ ತಾಗುವ ಮುಖಕ್ಕೂ ಬೋಲ್ಟು ಕೂರುವ ಗುಳಿಗೂ ಬಣ್ಣ ಹಚ್ಚಬಾರದು. ಒತ್ತಡಕ್ಕೆ ಬಣ್ಣ ಸವೆದಾಗ ಬೋಲ್ಟುಗಳು ಸಡಿಲವಾಗುತ್ತವೆ.

ಹುಡುಗರ ಉಸಿರಿನ ಲೆಕ್ಕ

ಹತ್ತನೆಯ ತರಗತಿ ಮುಗಿಸಿ ಐಟಿಐ ಅಥವಾ ಗ್ಯಾರೇಜಿನ ಕಡೆಗೆ ಹೊರಡುವ ಮಕ್ಕಳಿರುವ ಮನೆಗಳಲ್ಲಿ ಈ ಭಾಗವನ್ನು ಗಮನಿಸಬೇಕು. ಬಣ್ಣ ತೆಗೆಯಲು ಮರಳನ್ನು ಗಾಳಿಯ ಒತ್ತಡದಿಂದ ಊದುವ ರೂಢಿಯಿದೆ. ಹೊಳೆಯ ಮರಳು ಹೀಗೆ ಪುಡಿಯಾದಾಗ ಏಳುವ ಸಿಲಿಕಾ ದೂಳು ಶ್ವಾಸಕೋಶದಲ್ಲಿ ನೆಲೆಸಿ ಸಿಲಿಕೋಸಿಸ್ ತರುತ್ತದೆ. ಆ ಕಾಯಿಲೆಗೆ ಗುಣವಿಲ್ಲ. ಮುಖಕ್ಕೆ ಕಟ್ಟಿದ ಟವೆಲು ಅದನ್ನು ತಡೆಯುವುದಿಲ್ಲ. ಒಳ್ಳೆಯ ಕಾರ್ಯಾಗಾರಗಳು ಮರಳಿನ ಬದಲು ಗಾಜಿನ ಮಣಿ ಅಥವಾ ಅಲ್ಯುಮಿನಿಯಂ ಆಕ್ಸೈಡಿನ ಕಣಗಳನ್ನು, ಅದೂ ಮುಚ್ಚಿದ ಪೆಟ್ಟಿಗೆಯೊಳಗೆ, ಬಳಸುತ್ತವೆ. ಅಲ್ಯುಮಿನಿಯಮ್ಮಿನ ನುಣ್ಣನೆಯ ದೂಳು ಗಾಳಿಯಲ್ಲಿ ತುಂಬಿದರೆ ಒಂದು ಕಿಡಿಗೆ ಸ್ಫೋಟಿಸಬಲ್ಲದು. ಗಾಲಿ ತೊಳೆಯುವ ಕೆಲವು ಆಮ್ಲಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲವಿರುತ್ತದೆ. ಅದು ಚರ್ಮದ ಮೂಲಕ ಇಳಿದು ಮೂಳೆಯನ್ನೂ ಕೆಡಿಸುತ್ತದೆ. ಬಫಿಂಗ್ ಗಾಲಿಗೆ ಸಡಿಲ ತೋಳು, ಕೊರಳ ವಸ್ತ್ರ ಸಿಕ್ಕಿದರೆ ಕೈಯೇ ಹೋಗಬಹುದು.

ಹದಿನೆಂಟು ತುಂಬದವರನ್ನು ಅಪಾಯಕಾರಿ ಕೆಲಸಗಳಲ್ಲಿ ತೊಡಗಿಸುವುದನ್ನು ಬಾಲಕಾರ್ಮಿಕ ಕಾನೂನಿನ 2016ರ ತಿದ್ದುಪಡಿ ನಿಷೇಧಿಸಿದೆ. ವಯಸ್ಸು ತುಂಬಿದ ಮಗನನ್ನು ಕಳುಹಿಸುವ ತಂದೆತಾಯಿಯೂ ಸಂಬಳದ ಮಾತಿಗೆ ಮೊದಲು ದೂಳು ಹೀರುವ ಯಂತ್ರ, ಸರಿಯಾದ ಮುಖಕವಚ, ಕನ್ನಡಕ, ಕೈಗವಸು ಇವೆಯೇ ಎಂದು ಕೇಳುವುದು ಅವರ ಹಕ್ಕು.

ಕೊಳ್ಳುವವರು ಕೇಳಬೇಕಾದದ್ದು

ಗಾಲಿ ಚೆನ್ನಾಗಿದ್ದರೆ ಸಾಲದು, ಕಾರಿಗೆ ಹೊಂದಬೇಕು. ಬೋಲ್ಟುಗಳ ಸಂಖ್ಯೆ ಮತ್ತು ಅವುಗಳ ವೃತ್ತದ ವ್ಯಾಸ ತಾಳೆಯಾಗಬೇಕು. ಸಣ್ಣ ಕಾರುಗಳಲ್ಲಿ ನಾಲ್ಕು ಬೋಲ್ಟು, 100 ಮಿ.ಮೀ. ವೃತ್ತ ಸಾಮಾನ್ಯ, 114.3 ಮಿ.ಮೀ. ವೃತ್ತದವೂ ಉಂಟು. ನಡುವಿನ ರಂಧ್ರ, ರಿಮ್ಮಿನ ಅಗಲ, ಗಾಲಿ ಒಳಸರಿಯುವ ಅಳತೆ ಇವೂ ಕಾರಿನ ಕೈಪಿಡಿಯೊಡನೆ ಹೊಂದಬೇಕು. ಅಳತೆಗಳು ಹೆಚ್ಚಾಗಿ ಗಾಲಿಯ ಹಿಂಬದಿಯಲ್ಲಿ ಅಚ್ಚಾಗಿರುತ್ತವೆ. ವಾಹನದ ರಿಮ್ಮುಗಳಿಗೆ ಐಎಸ್‌ಐ ಮುದ್ರೆಯನ್ನು ಕಡ್ಡಾಯ ಮಾಡುವ ಆದೇಶವನ್ನು ಕೇಂದ್ರ ಸರ್ಕಾರ 2020ರಲ್ಲಿ ಹೊರಡಿಸಿತು. ಅದಕ್ಕೂ ಹಳೆಯ ಗಾಲಿಗಳ ಮೇಲೆ ತಯಾರಕರ ಹೆಸರು, ಹೊರಬಲ್ಲ ಭಾರದ ಸಂಖ್ಯೆ ಇದ್ದರೆ ಒಳ್ಳೆಯದು. ಯಾವ ಗುರುತೂ ಇಲ್ಲದ ಗಾಲಿಯನ್ನು ಬಿಡುವುದೇ ಕ್ಷೇಮ.

ಕೂರಿಸಿದ ಮೇಲೆ ಸಮತೂಕ ಮಾಡಿಸಲೇಬೇಕು. ರಿಮ್ಮಿನ ಅಂಚಿನಲ್ಲಿ 30 ಗ್ರಾಂ ವ್ಯತ್ಯಾಸವಿರುವ 14 ಅಂಗುಲದ ಗಾಲಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ತಿರುಗಿದರೆ, ಆ ಚೂರು ತೂಕ ಸುಮಾರು 3 ಕಿಲೋಗ್ರಾಂ ಭಾರದಷ್ಟು ಬಲದಿಂದ ಗಾಲಿಯನ್ನು ಹೊರಕ್ಕೆ ಎಳೆಯುತ್ತದೆ, ಸೆಕೆಂಡಿಗೆ 12 ಸುತ್ತು. ವೃತ್ತೀಯ ಚಲನೆಯ ಪಾಠ ಓದುವ ಮಕ್ಕಳು ಈ ಲೆಕ್ಕವನ್ನು ಮಾಡಿ ನೋಡಬಹುದು. ಬೋಲ್ಟುಗಳನ್ನು ಎದುರುಬದಿರಾಗಿ, ಕೈಪಿಡಿ ಹೇಳುವಷ್ಟೇ ಬಿಗಿದು, 50ರಿಂದ 100 ಕಿಲೋಮೀಟರ್ ಓಡಿದ ಬಳಿಕ ಮತ್ತೊಮ್ಮೆ ಪರೀಕ್ಷಿಸಬೇಕು.

ಪಾಲಿಶ್ ಆದ ಮೇಲೆ ಕೊಳ್ಳುವುದಕ್ಕಿಂತ ಪಾಲಿಶ್‌ಗೆ ಮೊದಲೇ ಗಾಲಿಯನ್ನು ನೋಡುವುದು ಜಾಣತನ. ಟಯರಿಲ್ಲದ, ಬಣ್ಣವಿಲ್ಲದ ಬರಿಯ ಗಾಲಿಯನ್ನು ತೋರಿಸಲು, ಕೆಂಪು ದ್ರವದ ಪರೀಕ್ಷೆಯನ್ನು ಎದುರಿಗೇ ಮಾಡಲು ಒಪ್ಪುವ ಅಂಗಡಿ ನಂಬಿಕೆಗೆ ಅರ್ಹ. ಒಪ್ಪದಿದ್ದರೆ ಬೇರೆ ಅಂಗಡಿಯುಂಟು.

ಬಿರುಕು ಕಂಡ ಗಾಲಿಯೂ ವ್ಯರ್ಥವಲ್ಲ. ಅದಿರಿನಿಂದ ಹೊಸ ಅಲ್ಯುಮಿನಿಯಂ ತೆಗೆಯಲು ಬೇಕಾಗುವ ಶಕ್ತಿಯ ನೂರಕ್ಕೆ ಸುಮಾರು 5 ಭಾಗದಲ್ಲಿಯೇ ಹಳೆಯ ಲೋಹವನ್ನು ಕರಗಿಸಿ ಮರುಬಳಸಬಹುದು. ಆದುದರಿಂದಲೇ ಗುಜರಿಯವನು ಅದನ್ನು ತೂಗಿ ಹಣ ಕೊಡುತ್ತಾನೆ. ಒಡಕನ್ನು ಪುಟ್ಟಿಯಿಂದ ಮುಚ್ಚಿ ಮಾರುವವನಿಗೆ ಸಿಗುವ ಹೆಚ್ಚಿನ ಲಾಭ ಕೆಲವು ಸಾವಿರ ರೂಪಾಯಿ ಇರಬಹುದು. ಆ ಗಾಲಿಯ ಮೇಲೆ ಹೆದ್ದಾರಿಯಲ್ಲಿ ಕುಳಿತು ಹೋಗುವುದು ಒಂದು ಇಡೀ ಸಂಸಾರ. ಕುಲುಮೆಗೆ ಸೇರಬೇಕಾದದ್ದನ್ನು ಕುಲುಮೆಗೆ ಕಳುಹಿಸಿ, ಉಳಿಯಬಲ್ಲದ್ದಕ್ಕೆ ಮಾತ್ರ ಸಾಣೆ ಹಿಡಿಯುವವನೇ ಈ ಕಸುಬನ್ನು ಬಲ್ಲವನು.