ಸಿರುಗುಪ್ಪದ ಭತ್ತಕ್ಕೂ ಅರಬ್ಬಿ ಸಮುದ್ರದ ಗಾಳಿಗೂ ಏನು ನಂಟು?

ಬಳ್ಳಾರಿಯಲ್ಲಿ ಮೋಡ ಕಟ್ಟದಿದ್ದರೂ ಸಿರುಗುಪ್ಪದಲ್ಲಿ ಭತ್ತದ ನಾಟಿ ನಡೆಯುತ್ತೆ. ಯಾಕಂದ್ರೆ ಅಲ್ಲಿನ ಕಾಲುವೆಗಳಲ್ಲಿ ಹರಿಯೋದು ತುಂಗಭದ್ರಾ ಡ್ಯಾಂ ಸೇರಿದ ಮಲೆನಾಡಿನ ಮಳೆ.

ಆ ಮಳೆ ಹೊತ್ತು ತರೋದು ಸೊಮಾಲಿಯಾ ಕರಾವಳಿಯಿಂದ ಅರಬ್ಬಿ ಸಮುದ್ರ ದಾಟಿ ನುಗ್ಗುವ ಗಾಳಿ. ನೆಲ ಕಾದು, ಕಡಲು ತಂಪಾಗಿದ್ದಷ್ಟೂ ಆ ಗಾಳಿ ಜೋರಾಗುತ್ತೆ.

ಈಗ ಕಡಲೇ ಕಾಯ್ತಿದೆ. 1901ರಿಂದ 2012ರೊಳಗೆ ಪಶ್ಚಿಮ ಹಿಂದೂ ಮಹಾಸಾಗರದ ಮುಂಗಾರು ಕಾಲದ ಬಿಸಿ ಸುಮಾರು 1.2 ಡಿಗ್ರಿ ಏರಿದೆ ಅಂತಾರೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು. ನೆಲ, ಕಡಲಿನ ಬಿಸಿಯ ಅಂತರ ತಗ್ಗಿ, ಮುಂಗಾರು ಗಾಳಿಯ ಚಕ್ರ ಸೊರಗಿದೆ. ಬಿಸಿಗಾಳಿ ಹೆಚ್ಚು ತೇವ ಹೀರುತ್ತೆ. ಹಾಗಾಗಿ ಮಳೆ ಸುರಿದರೆ ಒಮ್ಮೆಲೇ ಸುರಿಯುತ್ತೆ, ಇಲ್ಲದಿದ್ದರೆ ವಾರಗಟ್ಟಲೆ ಹನಿಯೂ ಇಲ್ಲ.

2023ರ ಆಗಸ್ಟ್, 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ಜೊತೆಗೆ ಪೆಸಿಫಿಕ್ ಸಾಗರ ಕಾದು ಮುಂಗಾರನ್ನು ಸೊರಗಿಸುವ ಎಲ್ ನಿನೊ. ಡ್ಯಾಂ ತುಂಬಲಿಲ್ಲ, ಎರಡನೇ ಬೆಳೆಗೆ ನೀರು ಬಿಡಲಿಲ್ಲ.