ಕೀಲಿಕೈಗೂ ಮುನ್ನ ಕಾಗದಪತ್ರ

ಸಿರುಗುಪ್ಪದ ಕಡೆ ಭತ್ತದ ಗದ್ದೆ, ಕುರುಗೋಡಿನ ಕಡೆ ಮೆಣಸಿನಕಾಯಿ ಹೊಲ. ಮಕ್ಕಳು ಎಸ್ಸೆಸ್ಸೆಲ್ಸಿ ದಾಟಿದರೆಂದರೆ ಅಪ್ಪ-ಅಮ್ಮಂದಿರ ಕಣ್ಣು ಬಳ್ಳಾರಿಯತ್ತ ಹೊರಳುತ್ತದೆ. ಮೊದಲು ಬಾಡಿಗೆಗೊಂದು ಕೋಣೆ. ಎರಡು ವರ್ಷ ಬಾಡಿಗೆ ಕಟ್ಟಿದ ಮೇಲೆ, ‘ಸತ್ಯನಾರಾಯಣಪೇಟೆಯ ಆಸುಪಾಸಿನಲ್ಲಿ ಒಂದು ಹಳೇ ಮನೆಯಾದರೂ ಸಿಕ್ಕರೆ ತೊಗೊಂಡುಬಿಡೋಣ, ಮಕ್ಕಳ ಓದೂ ಆಯಿತು, ಆಸ್ತಿಯೂ ಆಯಿತು’ ಎಂಬ ಲೆಕ್ಕಾಚಾರ ಶುರು. ಮಧ್ಯವರ್ತಿ ಮನೆ ತೋರಿಸುತ್ತಾನೆ. ಬಾಗಿಲು ಪೂರ್ವಕ್ಕಿದೆ, ನೀರಿಗೆ ತೊಂದರೆಯಿಲ್ಲ, ಕಾಲೇಜು ಹತ್ತಿರ. ಕೊನೆಗೆ ಕಾಗದದ ಕಂತೆಯೊಂದು ಕೈಗೆ ಬರುತ್ತದೆ. ಅಪ್ಪ ಅದನ್ನು ಮಗಳ ಮುಂದಿಟ್ಟು, “ಇದ್ರಾಗ ಏನೈತೆ, ಸ್ವಲ್ಪ ಓದಮ್ಮಾ” ಎನ್ನುತ್ತಾನೆ.

ಈ ಲೇಖನ ಆ ಅಪ್ಪನಿಗೂ ಹೌದು, ಆ ಮಗಳಿಗೂ ಹೌದು. ಹೊಲದ ಮೇಲೆ ದುಡಿದದ್ದು, ಚೀಟಿ ಎತ್ತಿದ್ದು, ಒಡವೆ ಅಡವಿಟ್ಟದ್ದು, ಎಲ್ಲ ಸೇರಿ ಒಂದೇ ದಿನ ಇನ್ನೊಬ್ಬರ ಕೈ ಸೇರುವ ವ್ಯವಹಾರವಿದು. ಜನ ಸಾಮಾನ್ಯವಾಗಿ ಕೇಳುವ ಕೆಲವು ಪ್ರಶ್ನೆಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ.

ನೋಂದಣಿ ಆಯಿತೆಂದರೆ ಸರ್ಕಾರವೇ ಒಪ್ಪಿದಂತಲ್ಲವೇ?

ಅಲ್ಲ. 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯನ್ನು ನೋಂದಾಯಿತ ಕ್ರಯಪತ್ರದ ಮೂಲಕವೇ ಮಾರಬೇಕು ಎನ್ನುತ್ತದೆ 1882ರ ಆಸ್ತಿ ವರ್ಗಾವಣೆ ಕಾಯ್ದೆ. ಆದರೆ ಉಪನೋಂದಣಾಧಿಕಾರಿ ನೋಂದಾಯಿಸುವುದು ಪತ್ರವನ್ನೇ ಹೊರತು ಮಾರುವವನ ಹಕ್ಕನ್ನಲ್ಲ. ಆತ ನಿಜವಾದ ಒಡೆಯನೇ ಎಂದು ವಿಚಾರಣೆ ಮಾಡಿ ತೀರ್ಪು ಕೊಡುವುದು ಅವರ ಕೆಲಸವಲ್ಲವೆಂದು ಸುಪ್ರೀಂ ಕೋರ್ಟ್ 2025ರಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಸ್ಪಷ್ಟಪಡಿಸಿದೆ. ತನ್ನದಲ್ಲದ್ದನ್ನು ಮಾರಿದವನ ಪತ್ರಕ್ಕೆ ಎಷ್ಟು ಮೊಹರು ಬಿದ್ದರೂ ಕೊಂಡವನಿಗೆ ಮನೆ ದಕ್ಕುವುದಿಲ್ಲ. ಹಕ್ಕು ಸರಿಯಿದೆಯೇ ಎಂದು ನೋಡಿಕೊಳ್ಳುವ ಹೊಣೆ ಕೊಳ್ಳುವವನದು.

ಇ.ಸಿ.ಯಲ್ಲಿ ಸಾಲವಿಲ್ಲ ಎಂದಿದೆ. ಇನ್ನೇನು ಭಯ?

ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ., ನೋಂದಣಿಯಾದ ವ್ಯವಹಾರಗಳನ್ನು ಮಾತ್ರ ತೋರಿಸುತ್ತದೆ. ವ್ಯವಹಾರಗಳಿದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16. ನೋಂದಣಿಯಾಗದ ಉಯಿಲು, ನ್ಯಾಯಾಲಯದಲ್ಲಿರುವ ದಾವೆ, ಮೂಲಪತ್ರವನ್ನು ಸಾಲ ಕೊಟ್ಟವರ ಬಳಿ ಇಟ್ಟು ತಂದ ಸಾಲ, ಇವು ಅದರಲ್ಲಿ ಕಾಣದೇ ಹೋಗಬಹುದು. ಆದ್ದರಿಂದ ಜೆರಾಕ್ಸ್ ಪ್ರತಿಗೆ ತೃಪ್ತರಾಗಬೇಡಿ. ‘ಮೂಲಪತ್ರ ಎಲ್ಲಿದೆ?’ ಎಂದು ಕೇಳಿ, ಕಣ್ಣಾರೆ ನೋಡಿ. ‘ಊರಲ್ಲಿದೆ, ತಮ್ಮನ ಹತ್ತಿರ ಇದೆ’ ಎಂಬ ಉತ್ತರ ಬಂದರೆ ಪತ್ರ ಬರುವವರೆಗೆ ಕಾಯುವುದೇ ಕ್ಷೇಮ.

2004ರ ಏಪ್ರಿಲ್‌ನಿಂದ ಈಚಿನ ಇ.ಸಿ.ಯನ್ನು ‘ಕಾವೇರಿ’ ಅಂತರ್ಜಾಲ ವ್ಯವಸ್ಥೆಯಲ್ಲಿ ಮನೆಯಿಂದಲೇ ಪಡೆಯಬಹುದು. ಇದನ್ನು ಕಾಲೇಜು ಓದುವ ಮಕ್ಕಳೇ ಮಾಡಬಲ್ಲರು. ಅದಕ್ಕೂ ಹಿಂದಿನ ವರ್ಷಗಳಿಗೆ ನೋಂದಣಿ ಕಚೇರಿಗೆ ಅರ್ಜಿ ಹಾಕಬೇಕಾಗಬಹುದು. ವಕೀಲರು ಸಾಮಾನ್ಯವಾಗಿ 30 ವರ್ಷಗಳ ಇತಿಹಾಸ ಕೇಳುತ್ತಾರೆ. ಯಾರಿಂದ ಯಾರಿಗೆ ಬಂತು ಎಂಬ ಸರಪಳಿಯಲ್ಲಿ ಒಂದು ಕೊಂಡಿಯೂ ತಪ್ಪಿರಬಾರದು.

ಹಳೇ ಪತ್ರ ತೆಲುಗಿನಲ್ಲಿದೆಯಲ್ಲ?

ಬಳ್ಳಾರಿಯಲ್ಲಿ ಇದು ಹೊಸದೇನಲ್ಲ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಬಳ್ಳಾರಿ ಮದ್ರಾಸ್ ಆಡಳಿತದಲ್ಲಿತ್ತು. ಆ ಕಾಲದ ಪತ್ರಗಳು ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇರುವುದುಂಟು. ಅಳತೆಯೂ ಗುಂಟೆಯಲ್ಲಲ್ಲ, ಸೆಂಟ್ಸಿನಲ್ಲಿ. ಒಂದು ಗುಂಟೆಗೆ 1,089 ಚದರಡಿ. ಒಂದು ಸೆಂಟಿಗೆ 435.6 ಚದರಡಿ. ಎಕರೆಗೆ 40 ಗುಂಟೆ, ಆದರೆ 100 ಸೆಂಟ್ಸ್. ಎರಡನ್ನೂ ಒಂದೇ ಎಂದು ತಿಳಿದರೆ ಲೆಕ್ಕ ಎರಡೂವರೆ ಪಟ್ಟು ತಪ್ಪುತ್ತದೆ. ಹಳೇ ಪತ್ರದ ಟಿ.ಎಸ್. ನಂಬರು, ಚಕ್ಕುಬಂದಿ ಇವತ್ತಿನ ದಾಖಲೆಗೆ ತಾಳೆಯಾಗುತ್ತವೆಯೇ ಎಂದು ಟೇಪು ಹಿಡಿದು ಅಳೆದೇ ನೋಡಬೇಕು. ಮನೆಯಲ್ಲಿ ತೆಲುಗು ಓದಬಲ್ಲ ತಾತ ಇದ್ದರೆ ಕೂರಿಸಿಕೊಂಡು ಓದಿಸಿ.

ಖಾತೆ ಅವರ ಹೆಸರಿನಲ್ಲೇ ಇದೆ, ಸಾಲದೇ?

ಖಾತೆ ಎಂಬುದು ತೆರಿಗೆಯ ದಾಖಲೆ. ಮಹಾನಗರ ಪಾಲಿಕೆ ಯಾರಿಂದ ಕಂದಾಯ ವಸೂಲು ಮಾಡಬೇಕು ಎಂಬುದನ್ನು ಅದು ಹೇಳುತ್ತದೆ. ಒಡೆತನವನ್ನು ಅದೊಂದೇ ಸಾಧಿಸಿಕೊಡದು. ಹಾಗೆಂದು ಅದಿಲ್ಲದೆ ನಡೆಯುವುದೂ ಇಲ್ಲ. 2024ರ ಅಕ್ಟೋಬರ್‌ನಿಂದ ನಗರದ ಆಸ್ತಿ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆ. ‘ಬಿ’ ಖಾತೆ ಎಂದಿದ್ದರೆ ಇನ್ನಷ್ಟು ಎಚ್ಚರ ಬೇಕು. ಅನುಮೋದನೆಯಿಲ್ಲದ ಆಸ್ತಿಯಿಂದಲೂ ತೆರಿಗೆ ಪಡೆಯಲು ಮಾಡಿದ ಏರ್ಪಾಡು ಅದು. ಬಡಾವಣೆ ಸಕ್ರಮವಾಯಿತೆಂದು ಅದರ ಅರ್ಥವಲ್ಲ.

ಯಾರ್ಯಾರ ಸಹಿ ಬೇಕು?

ಜಗಳಗಳು ಹೆಚ್ಚಾಗಿ ಹುಟ್ಟುವುದು ಇಲ್ಲೇ. ಅಜ್ಜನ ಕಾಲದ ಮನೆಯೊಂದನ್ನು ಅಣ್ಣತಮ್ಮಂದಿರಿಬ್ಬರು ಮಾರಿದರು ಎಂದುಕೊಳ್ಳಿ. ಅಕ್ಕನನ್ನು ಆದೋನಿಗೆ ಕೊಟ್ಟಿದೆ. ‘ಅವಳ ಮದುವೆ ಜೋರಾಗಿ ಮಾಡಿದ್ದೇವೆ, ಅವಳದೇನೂ ತಕರಾರಿಲ್ಲ’ ಎಂದು ಅವರು ಹೇಳಿದರು, ಕೊಳ್ಳುವವರು ನಂಬಿದರು. ಮೂರು ವರ್ಷಕ್ಕೆ ಅಕ್ಕ ಪಾಲಿನ ದಾವೆ ಹೂಡಿದಳು. ತಪ್ಪು ಅಕ್ಕನದಲ್ಲ, ಕಾನೂನು ಅವಳಿಗೆ ಕೊಟ್ಟ ಹಕ್ಕನ್ನೇ ಆಕೆ ಕೇಳಿದ್ದು. ಆದರೆ ಕೋರ್ಟಿಗೆ ಅಲೆಯಬೇಕಾದವರ ಸಾಲಿನಲ್ಲಿ ಕೊಂಡವರೂ ನಿಲ್ಲಬೇಕಾಯಿತು.

ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ಜಾರಿಗೆ ತಂದಿತ್ತು. ಆಗಲೇ ಮದುವೆಯಾಗಿದ್ದವರಿಗೆ ಮಾತ್ರ ಅದು ಅನ್ವಯಿಸಲಿಲ್ಲ. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆದುಹಾಕಿತು. ಆ ದಿನ ತಂದೆ ಬದುಕಿರಬೇಕೆಂಬ ಷರತ್ತೂ ಇಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ಕ್ರಮವಾಗಿ ನಡೆದ ವಿಭಾಗ, ಮಾರಾಟಗಳಿಗೆ ಮಾತ್ರ ಧಕ್ಕೆಯಿಲ್ಲ. ತಂದೆ ಸ್ವಂತ ಸಂಪಾದನೆಯಿಂದ ಕೊಂಡ ಮನೆಯನ್ನು ಆತ ಒಬ್ಬನೇ ಮಾರಬಹುದು. ಆತ ಉಯಿಲು ಬರೆಯದೆ ತೀರಿಕೊಂಡಿದ್ದರೆ ತಾಯಿ, ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ವಾರಸುದಾರರೇ. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಬೇರೆ ವಾರಸಾ ಕಾನೂನುಗಳಿವೆ. ಅಲ್ಲೂ ಹೆಣ್ಣುಮಕ್ಕಳಿಗೆ ಪಾಲುಂಟು.

ಆದ್ದರಿಂದ ವಂಶವೃಕ್ಷ ಕೇಳಿ ಪಡೆಯಿರಿ. ಅದರಲ್ಲಿರುವ ಹಕ್ಕುದಾರರೆಲ್ಲರೂ ಕ್ರಯಪತ್ರಕ್ಕೆ ಸಹಿ ಹಾಕಲಿ. ಆಸ್ತಿ ಅಪ್ರಾಪ್ತ ವಯಸ್ಸಿನ ಮಗುವಿನ ಸ್ವಂತ ಹೆಸರಿನಲ್ಲಿದ್ದರೆ, 1956ರ ಕಾಯ್ದೆಯಂತೆ ತಂದೆ-ತಾಯಿ ಕೂಡ ನ್ಯಾಯಾಲಯದ ಅನುಮತಿಯಿಲ್ಲದೆ ಮಾರುವಂತಿಲ್ಲ. ಹಾಗೆ ಮಾರಿದ್ದನ್ನು ಆ ಮಗು 18 ತುಂಬಿದ ಮೇಲೆ ಮೂರು ವರ್ಷದೊಳಗೆ ಪ್ರಶ್ನಿಸಬಹುದು.

ಊರಾಚೆಯ ಸೈಟು ಅಗ್ಗಕ್ಕೆ ಸಿಗುತ್ತದಂತೆ?

ಅಗ್ಗವೇಕೆ ಎಂದು ಮೊದಲು ಕೇಳಿ. ಹೊಲವನ್ನು ಹಾಗೇ ತುಂಡು ಮಾಡಿ ಮಾರುವಂತಿಲ್ಲ. 1964ರ ಭೂಕಂದಾಯ ಕಾಯ್ದೆಯಂತೆ ಭೂಪರಿವರ್ತನೆ, ಜನರ ಮಾತಿನಲ್ಲಿ ‘ಎನ್.ಎ.’, ಆಗಿರಬೇಕು. ಬಡಾವಣೆಯ ನಕ್ಷೆಗೆ ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಬೇಕು. 500 ಚದರ ಮೀಟರ್ ಮೀರಿದ ಬಡಾವಣೆಯಾದರೆ ಸಾಮಾನ್ಯವಾಗಿ 2016ರ ರೇರಾ ಕಾಯ್ದೆಯಡಿ ನೋಂದಣಿಯೂ ಆಗಬೇಕು. ಜಮೀನು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರದಿಂದ ಮಂಜೂರಾದದ್ದೇ ಎಂದು ಮರೆಯದೆ ವಿಚಾರಿಸಿ. ಅಂಥ ಭೂಮಿಯನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ 1978ರ ಕಾಯ್ದೆಯಂತೆ ಮಾರಾಟವೇ ಅನೂರ್ಜಿತ.

‘ಜಿ.ಪಿ.ಎ. ಮಾಡಿಕೊಡುತ್ತೇವೆ, ನೋಂದಣಿ ಖರ್ಚು ಉಳಿಯುತ್ತದೆ’ ಎಂದರೆ ಕೈಮುಗಿದು ಎದ್ದು ಬನ್ನಿ. ಜಿ.ಪಿ.ಎ., ಕರಾರು, ಉಯಿಲುಗಳ ಮೂಲಕ ಒಡೆತನ ವರ್ಗವಾಗದೆಂದು ಸುಪ್ರೀಂ ಕೋರ್ಟ್ 2011ರಲ್ಲೇ ತೀರ್ಪಿತ್ತಿದೆ.

ಮುಂಗಡ ಎಷ್ಟು? ಖರ್ಚೆಷ್ಟು?

ಬಿಳಿ ಹಾಳೆಯ ಮೇಲೆ ನಾಲ್ಕು ಸಾಲು ಬರೆದು ಲಕ್ಷಗಟ್ಟಲೆ ಕೊಡಬೇಡಿ. ಕ್ರಯದ ಕರಾರಿನಲ್ಲಿ ಒಟ್ಟು ಬೆಲೆ, ಕೊಟ್ಟ ಮುಂಗಡ, ನೋಂದಣಿಯ ಗಡುವು, ಹಕ್ಕಿನಲ್ಲಿ ದೋಷ ಕಂಡರೆ ಹಣ ಹಿಂದಿರುಗಿಸುವ ಮಾತು ಇರಲಿ. ಕರಾರಿನಂತೆ ನಡೆಯದವರ ಮೇಲೆ ದಾವೆ ಹೂಡಲು ಮೂರು ವರ್ಷವಷ್ಟೇ ಕಾಲಾವಕಾಶ. ಆಸ್ತಿ ಮಾರುವವರು 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಹಣ ಬ್ಯಾಂಕಿನ ಮೂಲಕವೇ ಹೋಗಲಿ. ವಕೀಲರ ಮೂಲಕ ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಟ್ಟು ತಕರಾರು ಕರೆಯುವುದು ಒಳ್ಳೆಯ ರೂಢಿ.

ಮುದ್ರಾಂಕ ಶುಲ್ಕ ಸಾಮಾನ್ಯವಾಗಿ ಶೇ. 5; ಅದರ ಮೇಲೆ ಸೆಸ್, ಸರ್‌ಚಾರ್ಜು ಸೇರಿದರೆ ನಗರದಲ್ಲಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿತು. 30 ಲಕ್ಷದ ಮನೆಗೆ ಈ ಲೆಕ್ಕದಲ್ಲಿ 2,28,000 ರೂಪಾಯಿ ಬೇರೆಯಾಗಿ ಹೊಂದಿಸಿಕೊಳ್ಳಬೇಕು. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ. 1 ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಬೇಕು.

ಮಗ ಲಂಡನ್ನಿನಲ್ಲಿ ಮನೆ ಕೊಳ್ಳುತ್ತಾನಂತೆ, ಅಲ್ಲೂ ಹೀಗೆಯೇ?

ಓದಲು ಹೋಗಿ ಅಲ್ಲೇ ನೆಲೆ ನಿಂತ ಮಕ್ಕಳ ತಂದೆ-ತಾಯಿಗಳು ಕೇಳುವ ಪ್ರಶ್ನೆಯಿದು. ಇಂಗ್ಲೆಂಡಿನಲ್ಲಿ 1862ರಲ್ಲಿ ಸ್ಥಾಪನೆಯಾದ ಭೂ ನೋಂದಣಿ ಇಲಾಖೆ ಹಕ್ಕನ್ನೇ ನೋಂದಾಯಿಸುತ್ತದೆ. ಅದರ ಪುಸ್ತಕದಲ್ಲಿ ಹೆಸರಿದ್ದವರೇ ಒಡೆಯರು. ಸಾಲಿಸಿಟರ್ ಅಥವಾ ಪರವಾನಗಿ ಪಡೆದ ಕನ್ವೆಯನ್ಸರ್ ಕಾಗದದ ಕೆಲಸವನ್ನೆಲ್ಲ ನೋಡಿಕೊಳ್ಳುತ್ತಾರೆ. ಎರಡೂ ಕಡೆಯವರು ಕರಾರುಪತ್ರ ವಿನಿಮಯ ಮಾಡಿಕೊಳ್ಳುವವರೆಗೆ ಯಾರು ಬೇಕಾದರೂ ಹಿಂದೆ ಸರಿಯಬಹುದು. ಆಮೇಲೆ ಸರಿದರೆ, ಸಾಮಾನ್ಯವಾಗಿ ಬೆಲೆಯ ಶೇ. 10ರಷ್ಟಿರುವ ಮುಂಗಡ ಕೊಳ್ಳುವವರ ಕೈತಪ್ಪಬಹುದು. ಅಲ್ಲಿನ ಅನೇಕ ಫ್ಲಾಟುಗಳು ‘ಲೀಸ್‌ಹೋಲ್ಡ್’. ಅಂದರೆ ನೆಲ ಇನ್ನೊಬ್ಬರದು, ನಮ್ಮದು ಗೊತ್ತಾದ ವರ್ಷಗಳ ಹಕ್ಕು. ಎಷ್ಟು ವರ್ಷ ಉಳಿದಿದೆ ಎಂಬುದೇ ಅಲ್ಲಿ ಮೊದಲು ಕೇಳಬೇಕಾದ ಮಾತು. ಇಲ್ಲಿಂದ ದುಡ್ಡು ಕಳಿಸುವುದಾದರೆ, ನಿವಾಸಿ ಭಾರತೀಯರೊಬ್ಬರಿಗೆ ಹಣಕಾಸು ವರ್ಷವೊಂದಕ್ಕೆ ರಿಸರ್ವ್ ಬ್ಯಾಂಕ್ ನಿಗದಿ ಮಾಡಿರುವ ಮಿತಿ 2,50,000 ಡಾಲರ್.

ಕೊನೆಯದಾಗಿ ಒಂದು ಮಾತು. ಬ್ಯಾಂಕು ಸಾಲ ಕೊಟ್ಟಿತೆಂದರೆ ಪತ್ರ ಸರಿಯಿದೆ ಎಂದು ಅನೇಕರು ಭಾವಿಸುತ್ತಾರೆ. ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಹಿತವನ್ನು. ನಿಮ್ಮ ಹಿತ ನೋಡಲು ನಿಮ್ಮದೇ ವಕೀಲರಿರಲಿ. ಅವರಿಗೆ ಕೊಡುವ ಶುಲ್ಕ ಮನೆಯ ಬೆಲೆಯ ಮುಂದೆ ತೀರಾ ಸಣ್ಣದು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವೂ ಉಂಟು.

ಇನ್ನು ಕಂತೆಯ ಮುಂದೆ ಕುಳಿತ ಮಗಳಿಗೆ. ಅವಸರ ಬೇಡವಮ್ಮಾ. ಪ್ರತಿ ಪುಟವನ್ನೂ ಗಟ್ಟಿಯಾಗಿ ಓದು. ಅರ್ಥವಾಗದ ಸಾಲಿನ ಕೆಳಗೆ, ಮೂಲಪತ್ರದ ಮೇಲಲ್ಲ, ಜೆರಾಕ್ಸಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆ. ಮಾರುವವರ ಮನೆಯಲ್ಲಿ ನಿನ್ನಂಥ ಹೆಣ್ಣುಮಕ್ಕಳಿದ್ದಾರೆಯೇ, ಅವರ ಸಹಿ ಇದೆಯೇ ಎಂದು ನೋಡು. ಅಪ್ಪ ಮುಂಗಡ ಕೊಡುವುದು ಆಮೇಲೆ.